ಟ್ರ್ಯಾಕ್ಟರಿನಿಂದ ಉಳುವುದು ಹೇಗೆ?

ಟ್ರ್ಯಾಕ್ಟರನ್ನು ಹತ್ತಿರದಿಂದ ನೋಡಿದ ಹುಡುಗರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಅದರ ಹಿಂದಿನ ಚಕ್ರಗಳು ಅಷ್ಟು ದೊಡ್ಡವೇಕೆ, ಮುಂದಿನವು ಅಷ್ಟು ಚಿಕ್ಕವೇಕೆ ಎಂಬುದು. ಪ್ರಶ್ನೆ ಸಣ್ಣದಾದರೂ ಉಳುಮೆಯ ಮರ್ಮವೆಲ್ಲ ಅದರಲ್ಲಿ ಅಡಗಿದೆ. ಮೋಟಾರು ಕಾರು ತನ್ನನ್ನು ತಾನು ಒಯ್ದರೆ ಸಾಕು. ಟ್ರ್ಯಾಕ್ಟರು ಇನ್ನೊಂದನ್ನು ಎಳೆಯಬೇಕು. ಎಳೆಯಬೇಕಾದರೆ ನೆಲವನ್ನು ಹಿಡಿಯಬೇಕು. ಚಕ್ರವು ಮಣ್ಣನ್ನು ಹಿಂದಕ್ಕೆ ತಳ್ಳುತ್ತದೆ, ಮಣ್ಣು ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮವು ಇಲ್ಲಿ ಕಣ್ಣಿಗೆ ಕಾಣುವಂತೆ ಕೆಲಸಮಾಡುತ್ತಿದೆ. ಚಕ್ರವು ದೊಡ್ಡದಾಗಿ ಅಗಲವಾಗಿದ್ದಷ್ಟೂ ನೆಲದೊಡನೆ ಸ್ಪರ್ಶ ಹೆಚ್ಚು; ಅದರ ಮೇಲಣ ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಆದುದರಿಂದಲೇ ಎಂಜಿನ್ನು ತಿರುಗಿಸುವ ಹಿಂದಿನ ಚಕ್ರಗಳನ್ನು ದೊಡ್ಡವಾಗಿ ಮಾಡಿ, ಯಂತ್ರದ ತೂಕದ ಸುಮಾರು ಮೂರರಲ್ಲಿ ಎರಡು ಪಾಲನ್ನು ಅವುಗಳ ಮೇಲೆ ಹೊರಿಸಿರುತ್ತಾರೆ. ಮುಂದಿನ ಚಕ್ರಗಳಿಗೆ ದಾರಿ ತೋರಿಸುವ ಕೆಲಸವಷ್ಟೆ.

ಉಳಲು ಹೊಸದಾಗಿ ಕಲಿಯುವವರು ಎಂಜಿನ್ನಿನ ಅಶ್ವಶಕ್ತಿಯೇ ಎಲ್ಲವೂ ಎಂದು ಭಾವಿಸುತ್ತಾರೆ. ಒಂದು ಲೆಕ್ಕ ಮಾಡಿ ನೋಡೋಣ. ತಲಾ ೩೦ ಸೆಂಟಿಮೀಟರ್ ಅಗಲದ ಎರಡು ಗುಳಗಳಿರುವ ರೆಕ್ಕೆ ನೇಗಿಲು ೨೦ ಸೆಂಟಿಮೀಟರ್ ಆಳಕ್ಕೆ ಇಳಿದಿದೆ ಎನ್ನಿ. ಅದು ಸೀಳುವ ಮಣ್ಣಿನ ಅಡ್ಡಕೊಯ್ತ ೧೨೦೦ ಚದರ ಸೆಂಟಿಮೀಟರು. ಹದವಾದ ಸಾಧಾರಣ ಮಣ್ಣಿನಲ್ಲಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂ ಸೆಳೆತ ಬೇಕೆಂದು ಹಿಡಿದರೆ ಒಟ್ಟು ೬೦೦ ಕಿಲೋಗ್ರಾಂ ಆಯಿತು. ಎತ್ತು ದಿನವೆಲ್ಲ ದಣಿಯದೆ ಎಳೆಯಬಲ್ಲ ಸೆಳೆತ ತನ್ನ ಮೈತೂಕದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು; ಒಳ್ಳೆಯ ಜೋಡಿಯೊಂದು ೮೦ ಕಿಲೋಗ್ರಾಂ ಎಳೆದರೆ ಅದೇ ಹೆಚ್ಚು. ಗಂಟೆಗೆ ೪.೫ ಕಿಲೋಮೀಟರ್ ವೇಗದಲ್ಲಿ ೬೦೦ ಕಿಲೋಗ್ರಾಂ ಸೆಳೆಯಲು ಬೇಕಾಗುವುದು ಸುಮಾರು ೧೦ ಅಶ್ವಶಕ್ತಿ ಮಾತ್ರ. ೩೫ ಅಶ್ವಶಕ್ತಿಯ ಯಂತ್ರಕ್ಕೆ ಇದೊಂದು ಆಟವೆಂದು ಯಾರಿಗಾದರೂ ತೋರೀತು.

ಈಗ ಇನ್ನೊಂದು ಕಡೆಯಿಂದ ನೋಡಿ. ಆ ಟ್ರ್ಯಾಕ್ಟರಿನ ತೂಕ ೧೮೦೦ ಕಿಲೋಗ್ರಾಂ ಇದ್ದು, ಅದರಲ್ಲಿ ೧೧೭೦ ಕಿಲೋಗ್ರಾಂ ಹಿಂದಿನ ಚಕ್ರಗಳ ಮೇಲಿದೆ ಎನ್ನೋಣ. ಹೊಲದ ನೆಲದಲ್ಲಿ ಚಕ್ರವು ತನ್ನ ಮೇಲಿನ ಭಾರದ ಅರ್ಧದಷ್ಟನ್ನು ಎಳೆಯಬಲ್ಲದು. ಎಂದರೆ ೫೮೫ ಕಿಲೋಗ್ರಾಂ. ಬೇಕಾದುದು ೬೦೦! ಎಂಜಿನ್ನಿನಲ್ಲಿ ಎಷ್ಟೇ ಶಕ್ತಿ ಉಳಿದಿದ್ದರೂ ಚಕ್ರಗಳು ನಿಂತಲ್ಲೇ ಸುತ್ತಿ ಗುಂಡಿ ತೋಡುತ್ತವೆ. ಕೊರತೆ ಇರುವುದು ಹಿಡಿತದಲ್ಲಿ.

ಹಿಡಿತ ಬೇಕೆಂದರೆ ಭಾರ ಹೆಚ್ಚಿಸಬೇಕು. ಭಾರ ಹೆಚ್ಚಿದರೆ ಮಣ್ಣು ಅದುಮಿಹೋಗಿ, ಸಡಿಲಿಸಬೇಕಾದ ನೆಲ ಗಟ್ಟಿಯಾಗುವುದು. ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ತೋರಿಸಿದವನು ಐರ್ಲೆಂಡಿನ ಉತ್ತರ ಭಾಗದ ರೈತನೊಬ್ಬನ ಮಗ ಹ್ಯಾರಿ ಫರ್ಗ್ಯೂಸನ್ (೧೮೮೪–೧೯೬೦). ೧೯೦೯ರಲ್ಲಿ ತಾನೇ ಕಟ್ಟಿದ ವಿಮಾನವನ್ನು ಹಾರಿಸಿದ ಸಾಹಸಿ ಈತ. ಅದುವರೆಗೆ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಗಾಡಿಯಂತೆ ಸರಪಳಿಯಿಂದಲೋ ಕೊಂಡಿಯಿಂದಲೋ ಕಟ್ಟಿ ಎಳೆಯುವುದು ವಾಡಿಕೆಯಾಗಿತ್ತು. ನೇಗಿಲೂ ಟ್ರ್ಯಾಕ್ಟರೂ ಒಂದೇ ಯಂತ್ರವಾಗಬೇಕೆಂದು ಫರ್ಗ್ಯೂಸನ್ ಹಟ ಹಿಡಿದ. ೧೯೨೬ರಲ್ಲಿ ಅವನಿಗೆ ದೊರೆತ ಪೇಟೆಂಟಿನ ಫಲವೇ ಇಂದು ಬಹುಮಟ್ಟಿಗೆ ಎಲ್ಲ ಟ್ರ್ಯಾಕ್ಟರುಗಳ ಹಿಂಬದಿಯಲ್ಲಿಯೂ ಕಾಣುವ ಮೂರು ತೋಳುಗಳ ಜೋಡಣೆ. ಕೆಳಗೆ ಎರಡು, ಮೇಲೆ ಒಂದು.

ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ಮಣ್ಣು ಗುಳವನ್ನು ಹಿಂದಕ್ಕೆ ಒತ್ತಿದಾಗ ನೇಗಿಲು ಆ ಎರಡು ಕೀಲುಗಳ ಸುತ್ತ ಮುಂದಕ್ಕೆ ಮುಗ್ಗರಿಸಲು ನೋಡುತ್ತದೆ. ಆಗ ಅದರ ತಲೆಯು ಮೇಲಿನ ತೋಳಿನ ಮೂಲಕ ಟ್ರ್ಯಾಕ್ಟರಿನ ಮೈಯನ್ನು ಮುಂದಕ್ಕೆ ದೂಡುವುದು. ಈ ದೂಡಿಕೆ ಹಿಂದಿನ ಇರುಸಿಗಿಂತ ಮೇಲ್ಮಟ್ಟದಲ್ಲಿ ನಡೆಯುವುದರಿಂದ ಟ್ರ್ಯಾಕ್ಟರಿನ ಮೂತಿ ಏಳದಂತೆ ಅದುಮಿ ಹಿಡಿಯುತ್ತದೆ. ಇತ್ತ ನೇಗಿಲಿನ ತೂಕವೂ ಅದರ ರೆಕ್ಕೆಯ ಮೇಲೆ ಹೊರಳುವ ಮಣ್ಣಿನ ಒತ್ತಡವೂ ಹಿಂದಿನ ಚಕ್ರಗಳ ಮೇಲೆ ಬೀಳುತ್ತವೆ. ಮೇಲಿನ ತೋಳಿನ ಬುಡದಲ್ಲಿ ಬಲವಾದ ಸ್ಪ್ರಿಂಗೊಂದಿದೆ. ಮಣ್ಣು ಬಿಗಿಯಾದ ಕಡೆ ಅದು ಹೆಚ್ಚು ಅದುಮಿಕೊಂಡು ಎಣ್ಣೆಯ ಕವಾಟವನ್ನು ತೆರೆಯುತ್ತದೆ. ಪಂಪಿನ ಎಣ್ಣೆಯ ಒತ್ತಡದಿಂದ ತೋಳುಗಳು ನೇಗಿಲನ್ನು ಕೊಂಚ ಎತ್ತುತ್ತವೆ. ಎತ್ತಿದ ಭಾರವೆಲ್ಲ ಚಕ್ರಗಳ ಹಿಡಿತಕ್ಕೆ ಸೇರುತ್ತದೆ. ಹೀಗೆ ಹಿಂದಿನ ಭಾರ ೧೫೦೦ ಕಿಲೋಗ್ರಾಮಿಗೆ ಏರಿತೆನ್ನಿ. ಸೆಳೆತ ೭೫೦ಕ್ಕೆ ಏರಿತು. ಎಂಜಿನ್ನಿಗೆ ಒಂದು ಅಶ್ವಶಕ್ತಿಯನ್ನೂ ಸೇರಿಸಿಲ್ಲ, ಯಂತ್ರಕ್ಕೆ ಕಬ್ಬಿಣವನ್ನೂ ಸೇರಿಸಿಲ್ಲ! ಚಾಲಕನ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಹಿಡಿಗಳಿರುತ್ತವೆ. ಒಂದು ನೇಗಿಲಿನ ಎತ್ತರವನ್ನು ನಿಲ್ಲಿಸುವುದು, ಇನ್ನೊಂದು ಸೆಳೆತವನ್ನು ನಿಯಂತ್ರಿಸುವುದು. ಉಳುವಾಗ ಬಳಸಬೇಕಾದುದು ಎರಡನೆಯದನ್ನು. ಇದನ್ನರಿಯದೆ ಮೊದಲನೆಯ ಹಿಡಿಯಿಂದಲೇ ವರ್ಷಗಟ್ಟಲೆ ಉಳುತ್ತಿರುವವರು ಕಡಮೆಯಿಲ್ಲ. ಅವರ ಟ್ರ್ಯಾಕ್ಟರಿನ ಮೂತಿ ಉಬ್ಬಿಗೆ ಏರಿದಾಗಲೆಲ್ಲ ಹಿಂದಿನ ಗುಳ ಆಳಕ್ಕೆ ಕಂತುತ್ತದೆ.

ಈ ಜೋಡಣೆಯಿಂದ ಪ್ರಾಣಕ್ಕೂ ರಕ್ಷಣೆಯುಂಟು. ೧೯೧೭ರಲ್ಲಿ ಅಮೆರಿಕದಲ್ಲಿ ಹೊರಬಂದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವೂ ಹಗುರವೂ ಆಗಿದ್ದು ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿದಾಗ ಕುದುರೆ ಮುಂಗಾಲೆತ್ತುವಂತೆ ಮುಂಭಾಗವನ್ನೆತ್ತಿ, ಹಿಂದಕ್ಕೆ ಮಗುಚಿ, ಚಾಲಕನ ಮೇಲೆಯೇ ಬೀಳುವ ದುರ್ಗುಣಕ್ಕೆ ಅದು ಕುಖ್ಯಾತವಾಯಿತು. ಏಕೆ ಹೀಗೆ? ನಮ್ಮ ಲೆಕ್ಕದ ಟ್ರ್ಯಾಕ್ಟರನ್ನೇ ತೆಗೆದುಕೊಳ್ಳಿ. ಮುಂದಿನ ಚಕ್ರಗಳ ಮೇಲೆ ೬೩೦ ಕಿಲೋಗ್ರಾಂ ಭಾರ. ಮುಂದಿನ ಇರುಸಿಗೂ ಹಿಂದಿನ ಇರುಸಿಗೂ ೧೯೦ ಸೆಂಟಿಮೀಟರ್ ಅಂತರ. ನೆಲದಿಂದ ೪೫ ಸೆಂಟಿಮೀಟರ್ ಎತ್ತರದ ಕೊಂಡಿಗೆ ಹೊರೆ ಕಟ್ಟಿದರೆ, ಮೂತಿ ನೆಲ ಬಿಟ್ಟೇಳಲು ೨೬೬೦ ಕಿಲೋಗ್ರಾಂ ಸೆಳೆತ ಬೇಕು. ಅದು ಟ್ರ್ಯಾಕ್ಟರಿನ ತೂಕಕ್ಕಿಂತಲೂ ಹೆಚ್ಚು. ಅಷ್ಟರೊಳಗೆ ಚಕ್ರಗಳು ಜಾರಿ ಅಪಾಯ ತಪ್ಪುತ್ತದೆ. ಅದೇ ಸರಪಳಿಯನ್ನು ೯೦ ಸೆಂಟಿಮೀಟರ್ ಎತ್ತರದಲ್ಲಿ, ಇರುಸಿನ ಮೇಲ್ಗಡೆ ಕಟ್ಟಿದರೆ ೧೩೩೦ ಕಿಲೋಗ್ರಾಂ ಸಾಕು. ಗಟ್ಟಿ ನೆಲದಲ್ಲಿ ಕ್ಲಚ್ಚನ್ನು ಧಡಕ್ಕನೆ ಬಿಟ್ಟವನಿಗೆ ಇದು ದೂರದ ಸಂಖ್ಯೆಯಲ್ಲ. ಮೊಳದೆತ್ತರದ ವ್ಯತ್ಯಾಸ, ಅಷ್ಟೆ. ಎಳೆಯುವ ಯಾವ ಹೊರೆಯನ್ನೂ ಹಿಂದಿನ ಇರುಸಿಗಿಂತ ಎತ್ತರದಲ್ಲಿ ಕಟ್ಟಕೂಡದೆಂಬ ಕಟ್ಟುನಿಟ್ಟಿನ ಮಾತಿಗೆ ಆಧಾರ ಇದೇ.

ಕೆಸರಿನಲ್ಲಿ ಹೂತ ಚಕ್ರ ಇನ್ನೂ ಮೋಸದ್ದು. ಚಕ್ರ ತಿರುಗದಂತೆ ಅದರ ಮುಂದೆ ಮರದ ತುಂಡನ್ನು ಸಿಕ್ಕಿಸಿ ಎಂಜಿನ್ನನ್ನು ಜೋರು ಮಾಡಿದರೆ, ಇರುಸು ತಿರುಗಲಾರದು. ಆಗ ಟ್ರ್ಯಾಕ್ಟರಿನ ಮೈಯೇ ಇರುಸಿನ ಸುತ್ತ ತಿರುಗುತ್ತದೆ. ಮೂತಿ ಮೇಲೆದ್ದು ಹಿಂತಿರುಗಿಸಲಾಗದ ಘಟ್ಟವನ್ನು ಮುಟ್ಟಲು ಒಂದು ಸೆಕೆಂಡು ಸಹ ಹಿಡಿಯದು. ಮನುಷ್ಯನಿಗೆ ಯೋಚಿಸಿ ಕ್ಲಚ್ಚು ತುಳಿಯಲು ಅಷ್ಟು ಕಾಲ ಸಾಲದು. ಹೂತ ಟ್ರ್ಯಾಕ್ಟರನ್ನು ಹಿಂದಕ್ಕೆ ನಡೆಯಿಸಿ ತೆಗೆಯಬೇಕು, ಇಲ್ಲವೆ ಇನ್ನೊಂದು ಟ್ರ್ಯಾಕ್ಟರನ್ನು ಕರೆಯಿಸಬೇಕು. ಸ್ವೀಡನ್ ದೇಶವು ೧೯೫೯ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನ ತಲೆಯ ಮೇಲೆ ಉಕ್ಕಿನ ರಕ್ಷಣಾ ಚೌಕಟ್ಟು ಇರಬೇಕೆಂದು ಕಾನೂನು ಮಾಡಿತು. ಆ ಬಳಿಕ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹಳ ತಗ್ಗಿತು. ನಮ್ಮಲ್ಲಿ ಚೌಕಟ್ಟಿನ ಮಾತು ಹಾಗಿರಲಿ, ಚಕ್ರದ ಮೇಲಣ ತಗಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಳುವುದನ್ನು ಪ್ರತಿ ಊರಿನಲ್ಲಿಯೂ ನೋಡಬಹುದು. ಅದನ್ನು ಅಕ್ಕರೆಯೆನ್ನಲು ನನ್ನ ಮನಸ್ಸು ಒಪ್ಪದು. ಟ್ರ್ಯಾಕ್ಟರಿನಲ್ಲಿ ಆಸನ ಒಂದೇ, ಕೂರತಕ್ಕವನೂ ಒಬ್ಬನೇ.

ಇನ್ನು ಹೊಲಕ್ಕೆ ಹೋಗೋಣ. ಯಂತ್ರ ಸಿದ್ಧವಿದ್ದರೆ ಸಾಲದು, ಮಣ್ಣೂ ಸಿದ್ಧವಿರಬೇಕು. ಎತ್ತು ಹೂಡುವ ರೈತ ಹದ ತಪ್ಪಿದ ನೆಲದಲ್ಲಿ ಉಳಲಾರ, ಎತ್ತುಗಳೇ ನಿಂತುಬಿಡುತ್ತವೆ. ಟ್ರ್ಯಾಕ್ಟರು ನಿಲ್ಲುವುದಿಲ್ಲ, ಆದುದರಿಂದ ಹದವನ್ನು ನೋಡುವ ಹೊಣೆ ಪೂರ್ತಿಯಾಗಿ ಚಾಲಕನದು. ಗುಳ ಮುಟ್ಟುವಷ್ಟು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಗಳ ನಡುವೆ ಹೊಸೆದು ನೋಡಿ. ಮೂರು ಮಿಲಿಮೀಟರಿನಷ್ಟು ತೆಳ್ಳಗಿನ ಬತ್ತಿಯಾಗಿಯೂ ಅದು ಬಿರಿಯದಿದ್ದರೆ ಆ ಮಣ್ಣು ಇನ್ನೂ ಹಸಿ. ಬತ್ತಿಯಾಗುವ ಮುನ್ನವೇ ಪುಡಿಪುಡಿಯಾಗಿ ಒಡೆದರೆ ಉಳಬಹುದು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಆಟರ್‌ಬರ್ಗ್ ೧೯೧೧ರಲ್ಲಿ ಮಣ್ಣಿನ ಈ ಗುಣವನ್ನು ಅಳೆಯುವ ಕ್ರಮವನ್ನು ವಿವರಿಸಿದ. ಕಟ್ಟಡ ಕಟ್ಟುವ ಎಂಜಿನಿಯರರು ಇಂದಿಗೂ ಅದೇ ಬತ್ತಿಯನ್ನು ಹೊಸೆಯುತ್ತಾರೆ. ಹಸಿ ಮಣ್ಣನ್ನು ಉತ್ತರೆ ರೆಕ್ಕೆಯ ಮೇಲೆ ಅದು ಉಜ್ಜಿ ನುಣುಪಾಗಿ ಹೊಳೆಯುತ್ತ ಹೊರಳುತ್ತದೆ. ಹೊಳಪು ಕಂಡು ಹಿಗ್ಗಬೇಡಿ, ಮಣ್ಣಿನ ರಂಧ್ರಗಳು ಮುಚ್ಚಿಹೋದ ಗುರುತು ಅದು. ಬಿಸಿಲು ಬಿದ್ದೊಡನೆ ಇಟ್ಟಿಗೆಯಂತಹ ಹೆಂಟೆ. ಕೋಲಾರ, ತುಮಕೂರುಗಳ ಕೆಮ್ಮಣ್ಣು ಮಳೆ ನಿಂತ ಸ್ವಲ್ಪ ಕಾಲದಲ್ಲೇ ಹದಕ್ಕೆ ಬರುತ್ತದೆ. ಧಾರವಾಡ, ವಿಜಯಪುರಗಳ ಎರೆಭೂಮಿಯಲ್ಲಿರುವ ಜೇಡಿಯು ನೀರುಂಡು ಉಬ್ಬುವ ಜಾತಿಯದು. ಇಂದು ಅಂಟು, ಕೆಲವು ದಿನ ಕಳೆದರೆ ಕಲ್ಲು. ನಡುವಣ ಹದದ ಅವಧಿ ಬಲು ಕಿರಿದು. ಸೆಳೆತವೂ ಅಲ್ಲಿ ಹೆಚ್ಚಾದುದರಿಂದ, ಕೆಮ್ಮಣ್ಣಿನಲ್ಲಿ ಎರಡು ಗುಳ ಎಳೆದ ಟ್ರ್ಯಾಕ್ಟರು ಎರೆಯಲ್ಲಿ ಅಷ್ಟೇ ಆಳಕ್ಕೆ ಎಳೆದೀತೆಂದು ನಂಬಬಾರದು.

ಉಳುಮೆಗೆ ತೊಡಗುವ ಮುನ್ನ ಹೊಲದ ಎರಡು ತುದಿಗಳಲ್ಲಿಯೂ ತಿರುಗಿಸಲು ಎಂಟು ಹತ್ತು ಮೀಟರ್ ಅಗಲದ ಪಟ್ಟಿಯನ್ನು ಬಿಟ್ಟು ಗುರುತು ಹಾಕಿಕೊಳ್ಳಬೇಕು. ಇಳಿಜಾರಿದ್ದರೆ ಇಳಿಜಾರಿಗೆ ಅಡ್ಡಲಾಗಿ ಉಳತಕ್ಕದ್ದು. ಮೇಲಿನಿಂದ ಕೆಳಕ್ಕೆ ಉತ್ತ ಸಾಲು ಮಳೆನೀರಿಗೆ ಕಾಲುವೆಯಾಗಿ ಮೇಲ್ಮಣ್ಣನ್ನು ಹೊತ್ತೊಯ್ಯುತ್ತದೆ. ಮೊದಲನೆಯ ಸಾಲು ನೇರವಾದರೆ ಉಳಿದವೆಲ್ಲ ನೇರ. ಅದಕ್ಕೆ ಎದುರು ತುದಿಯಲ್ಲಿ ಒಂದರ ಹಿಂದೊಂದು ಎರಡು ಗಳುಗಳನ್ನು ನೆಟ್ಟು, ಅವೆರಡೂ ಒಂದಾಗಿ ಕಾಣುವಂತೆ ನೋಟವನ್ನು ನಿಲ್ಲಿಸಿ ಸಾಗಬೇಕು. ಹೊಸಬರು ಮುಂದಿನ ಚಕ್ರವನ್ನೇ ನೋಡುತ್ತಾರೆ, ಇಲ್ಲವೆ ನೇಗಿಲು ಏನು ಮಾಡುತ್ತಿದೆಯೋ ಎಂದು ಘಳಿಗೆಗೊಮ್ಮೆ ಹಿಂದಿರುಗುತ್ತಾರೆ. ಕುತ್ತಿಗೆ ತಿರುಗಿದ ಕಡೆಗೆ ಕೈಯೂ ತಿರುಗುತ್ತದೆ, ಸಾಲು ಹಾವಿನಂತಾಗುತ್ತದೆ.

ಮೊದಲ ಸಾಲನ್ನು ಅರ್ಧ ಆಳಕ್ಕೆ ತೆಗೆದರೆ ಸಾಕು. ಎರಡನೆಯ ಸುತ್ತಿನಿಂದ ಟ್ರ್ಯಾಕ್ಟರಿನ ಬಲಗಡೆಯ ಚಕ್ರಗಳು ತೆರೆದ ಸಾಲಿನೊಳಗೆ ಇಳಿಯುವುದರಿಂದ ಯಂತ್ರವೆಲ್ಲ ಬಲಕ್ಕೆ ವಾಲುತ್ತದೆ. ನೇಗಿಲೂ ವಾಲದಿರಲು ಕೆಳಗಿನ ಬಲತೋಳನ್ನು ಅದರ ತಿರುಪಿನಿಂದ ಮೇಲೆತ್ತಿ ಸರಿಪಡಿಸಬೇಕು. ಮೇಲಿನ ತೋಳನ್ನು ಗಿಡ್ಡ ಮಾಡಿದರೆ ಗುಳದ ಮೂತಿ ಕೆಳಗಾಗಿ ಬೇಗ ಆಳಕ್ಕೆ ಇಳಿಯುತ್ತದೆ. ಉದ್ದ ಮಾಡಿದರೆ ಮೂತಿ ಎದ್ದು ಹಿಮ್ಮಡಿ ನೆಲಕ್ಕೆ ಉಜ್ಜುತ್ತದೆ. ಹತ್ತು ಹೆಜ್ಜೆ ಉತ್ತು, ಯಂತ್ರ ನಿಲ್ಲಿಸಿ, ಇಳಿದು ನೋಡಬೇಕು. ಎರಡು ಗುಳಗಳು ಹೊರಳಿಸಿದ ಮಣ್ಣಿನ ಪದರಗಳು ಒಂದೇ ಎತ್ತರ, ಒಂದೇ ಅಗಲ ಇದ್ದರೆ ಜೋಡಣೆ ಸರಿಯಾಗಿದೆ. ಇಲ್ಲವಾದರೆ ಮತ್ತೆ ತಿರುಪು. ಹೀಗೆ ನಾಲ್ಕು ಸಲ ಇಳಿದು ಹತ್ತುವ ಬೇಸರವನ್ನು ಸಹಿಸದವನು ದಿನವಿಡೀ ಕೆಟ್ಟ ಉಳುಮೆಯನ್ನು ಸಹಿಸಬೇಕಾಗುತ್ತದೆ.

ರೆಕ್ಕೆ ನೇಗಿಲು ಮಣ್ಣನ್ನು ಬಲಕ್ಕೆ ಮಾತ್ರ ಹೊರಳಿಸುತ್ತದೆ. ಹೊಲದ ನಡುವೆ ಆರಂಭಿಸಿ ಪ್ರತಿ ತುದಿಯಲ್ಲಿಯೂ ಬಲಕ್ಕೆ ತಿರುಗುತ್ತ ಹೋದರೆ ಮಣ್ಣೆಲ್ಲ ನಡುವಿಗೆ ಸರಿದು ದಿಬ್ಬವೇಳುತ್ತದೆ. ಅಂಚಿನಿಂದ ಆರಂಭಿಸಿ ಎಡಕ್ಕೆ ತಿರುಗುತ್ತ ಬಂದರೆ ಮಣ್ಣು ಹೊರಕ್ಕೆ ಸರಿದು ನಡುವೆ ಹಳ್ಳ ಉಳಿಯುತ್ತದೆ. ಒಂದು ವರ್ಷ ಒಂದು ಕ್ರಮ, ಮರುವರ್ಷ ಇನ್ನೊಂದು ಕ್ರಮ ಅನುಸರಿಸಿದರೆ ಹೊಲ ಮಟ್ಟವಾಗಿರುತ್ತದೆ. ತುದಿಯಲ್ಲಿ ತಿರುಗುವ ಮೊದಲು ನೇಗಿಲನ್ನು ಪೂರ್ತಿಯಾಗಿ ಎತ್ತಬೇಕೆಂಬುದನ್ನು ಹೇಳಬೇಕಾಗಿಲ್ಲ. ನೆಲದಲ್ಲಿ ಹೂತ ಗುಳದೊಡನೆ ತಿರುಗಿದವನಿಗೆ ಕಮ್ಮಾರನೇ ಹೇಳುತ್ತಾನೆ.

೬೦ ಸೆಂಟಿಮೀಟರ್ ಅಗಲಕ್ಕೆ ಉಳುವ ಈ ಟ್ರ್ಯಾಕ್ಟರು ಒಂದು ಎಕರೆಯನ್ನು ಮುಗಿಸಲು ಆರೂಮುಕ್ಕಾಲು ಕಿಲೋಮೀಟರ್ ನಡೆಯಬೇಕು; ತಿರುಗುವ ಕಾಲವೂ ಸೇರಿ ಎರಡು ಗಂಟೆಯ ಕೆಲಸ. ೧೫ ಸೆಂಟಿಮೀಟರ್ ಅಗಲದ ಸಾಲು ತೆಗೆಯುವ ನಾಡನೇಗಿಲಿನ ಹಿಂದೆ ರೈತನು ಅದೇ ಎಕರೆಗೆ ೨೭ ಕಿಲೋಮೀಟರ್ ನಡೆಯುತ್ತಿದ್ದ. ಟ್ರ್ಯಾಕ್ಟರಿನ ಚಕ್ರ ಎಷ್ಟು ಜಾರುತ್ತಿದೆಯೆಂದು ಅರಿಯಲು ವಿದ್ಯಾರ್ಥಿಗಳೇ ಮಾಡಬಹುದಾದ ಪ್ರಯೋಗವೊಂದಿದೆ. ಹಿಂದಿನ ಟೈರಿನ ಮೇಲೆ ಸುಣ್ಣದ ಗೆರೆ ಎಳೆದು, ನೇಗಿಲನ್ನೆತ್ತಿ ಹತ್ತು ಸುತ್ತಿಗೆ ಸಾಗುವ ದೂರವನ್ನು ಅಳೆಯಿರಿ. ಅದು ೪೦ ಮೀಟರ್ ಎನ್ನಿ. ಉಳುವಾಗ ಅದೇ ಹತ್ತು ಸುತ್ತಿಗೆ ೩೫ ಮೀಟರ್ ಆದರೆ ಜಾರಿಕೆ ನೂರಕ್ಕೆ ಹನ್ನೆರಡೂವರೆ. ಹತ್ತರಿಂದ ಹದಿನೈದರವರೆಗೆ ಯೋಗ್ಯ. ಅದಕ್ಕೆ ಮೀರಿದರೆ ಡೀಸೆಲೂ ಟೈರೂ ವ್ಯರ್ಥ. ತೀರ ಕಡಮೆಯಾದರೆ ಟ್ರ್ಯಾಕ್ಟರು ಅನಾವಶ್ಯಕ ಭಾರವನ್ನು ಹೊತ್ತು ನೆಲವನ್ನು ತುಳಿಯುತ್ತಿದೆ ಎಂದರ್ಥ.

ಈ ತುಳಿತದ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಬಲಗಡೆಯ ಚಕ್ರಗಳು ಸಾಲಿನ ತಳದಲ್ಲೇ ಓಡುತ್ತವೆ. ಆ ತಳಕ್ಕೆ ಗುಳ ಎಂದೂ ಇಳಿಯದು. ವರ್ಷವರ್ಷವೂ ಅದೇ ಆಳಕ್ಕೆ ಉಳುತ್ತಿದ್ದರೆ ಆ ಮಟ್ಟದಲ್ಲಿ ಗಾರೆಯಂತಹ ಗಟ್ಟಿ ಪದರವೊಂದು ಬೆಳೆದುಕೊಳ್ಳುವುದು. ಮೇಲೆ ಮೆದು ಮಣ್ಣು, ಕೆಳಗೆ ನೀರೂ ಬೇರೂ ಇಳಿಯದ ಗೋಡೆ. ಮಳೆಗಾಲದಲ್ಲಿ ಪೈರು ನೀರು ನಿಂತು ಹಳದಿಯಾಗುತ್ತದೆ, ಒಂದು ವಾರ ಬಿಸಿಲು ಬಿದ್ದರೆ ಅದೇ ಪೈರು ಬಾಡುತ್ತದೆ. ಹೊಲದಲ್ಲಿ ಮೊಳಕಾಲುದ್ದದ ಗುಂಡಿ ತೋಡಿ, ಗೋಡೆಗೆ ಚೂರಿಯ ಮೊನೆಯನ್ನು ಮೇಲಿನಿಂದ ಕೆಳಗೆ ಚುಚ್ಚುತ್ತ ಹೋದರೆ ಆ ಪದರ ಕೈಗೇ ತಿಳಿಯುತ್ತದೆ. ಬೇರುಗಳು ಅಲ್ಲಿ ಅಡ್ಡಕ್ಕೆ ತಿರುಗಿರುವುದನ್ನೂ ಕಾಣಬಹುದು. ಉಳುಮೆಯ ಆಳವನ್ನು ವರ್ಷಕ್ಕೊಮ್ಮೆ ಬದಲಿಸುವುದು, ಹಸಿಯಲ್ಲಿ ಉಳದಿರುವುದು, ಪದರ ಈಗಾಗಲೇ ಕಟ್ಟಿದ್ದರೆ ಒಣಗಿದ ಕಾಲದಲ್ಲಿ ಉಳಿ ನೇಗಿಲಿನಿಂದ ಅದನ್ನು ಸೀಳುವುದು ಇದಕ್ಕೆ ಪರಿಹಾರ.

ನಡುಭಾಗವೆಲ್ಲ ಮುಗಿದಮೇಲೆ ತುದಿಯ ಪಟ್ಟಿಗಳನ್ನು ಉತ್ತು ಹೊರಬರಬೇಕು. ಬದುವಿನ ಆಚೆ ಹಳ್ಳವಿದ್ದರೆ ಅದು ಎಷ್ಟು ಆಳವೋ ಅಷ್ಟಾದರೂ ದೂರ ಬಿಟ್ಟು ಉಳಿ; ಅಂಚಿನ ಮಣ್ಣು ಭಾರಕ್ಕೆ ಕುಸಿಯುತ್ತದೆ. ಹೊಲದಲ್ಲಿ ತಿರುಗಲು ಅನುಕೂಲವಾಗಲೆಂದು ಬಿಡಿಸಿದ ಎಡ ಬಲ ಬ್ರೇಕುಗಳನ್ನು ರಸ್ತೆಗೆ ಬರುವ ಮುಂಚೆ ಕೊಂಡಿ ಹಾಕಿ ಒಂದು ಮಾಡಬೇಕು. ವೇಗದಲ್ಲಿ ಒಂದೇ ಬ್ರೇಕು ಹಿಡಿದರೆ ಟ್ರ್ಯಾಕ್ಟರು ಪಕ್ಕಕ್ಕೆ ಉರುಳುವುದು. ಮನೆ ಸೇರಿದಮೇಲೆ ನೇಗಿಲನ್ನು ನೆಲಕ್ಕಿಳಿಸಿ, ರೆಕ್ಕೆಗಳ ಮಣ್ಣನ್ನು ಕೆರೆದು, ಹಳೆಯ ಎಂಜಿನ್ ಎಣ್ಣೆಯನ್ನು ಸವರಿ ಇಟ್ಟರೆ ತುಕ್ಕು ಹಿಡಿಯದು. ಮುಂದಿನ ಮಳೆಯ ಹೊತ್ತಿಗೆ ಮಣ್ಣು ಅವುಗಳ ಮೇಲೆ ಅಂಟದೆ ಹೊರಳುತ್ತದೆ.