ಭಾರ ಎತ್ತುವ ಕೆಲಸ ಮತ್ತು ನಮ್ಮ ಹುಡುಗರ ಸೊಂಟ



ಅಡುಗೆಮನೆಯ ಅಪಾಯ ಎಂದರೆ ನಮಗೆ ನೆನಪಾಗುವುದು ಬೆಂಕಿ, ಬಿಸಿ ಎಣ್ಣೆ, ಗ್ಯಾಸ್. ಆದರೆ ಪಳಗಿದ ಕೆಲಸಗಾರರನ್ನು ಸದ್ದಿಲ್ಲದೆ ಊರಿಗೆ ಕಳಿಸುವುದು ಸೊಂಟನೋವು. ಸುಟ್ಟ ಕೈ ಕಣ್ಣಿಗೆ ಕಾಣುತ್ತದೆ, ಉಳುಕಿದ ಸೊಂಟ ಕಾಣುವುದಿಲ್ಲ. ಹುಡುಗನೂ ಬಾಯಿ ಬಿಡುವುದಿಲ್ಲ, ಸೇಠ್ ಕೆಲಸದಿಂದ ಬಿಡಿಸಿಯಾರು ಎಂಬ ಹೆದರಿಕೆ. ಮುಲಾಮು ಹಚ್ಚಿಕೊಂಡು ನಾಲ್ಕು ದಿನ ದೂಡುತ್ತಾನೆ. ಆಮೇಲೆ ನೆಟ್ಟಗೆ ನಿಲ್ಲಲಾಗದೆ ಊರಿನ ಬಸ್ಸು ಹತ್ತುತ್ತಾನೆ. ಅಲ್ಲಿ ಅವನ ಸಂಬಳ ನಂಬಿದ ಮನೆ ಇರುತ್ತದೆ.

ತೂಕದ ಲೆಕ್ಕ ನೋಡಿ. ಕಮರ್ಷಿಯಲ್ ಸಿಲಿಂಡರಿನಲ್ಲಿ ಗ್ಯಾಸ್ 19 ಕಿಲೋ, ಕಬ್ಬಿಣ ಸೇರಿದರೆ ಹೆಚ್ಚುಕಡಿಮೆ ಅದರ ಎರಡು ಪಟ್ಟು. ಸಕ್ಕರೆ ಗೋಣಿ 50 ಕಿಲೋ. 40 ಲೀಟರ್ ಸಾಂಬಾರಿನ ತಪ್ಪಲೆ ಎಂದರೆ ಸಾಂಬಾರೇ 40 ಕಿಲೋ, ತಪ್ಪಲೆಯ ತೂಕ ಬೇರೆ, ಮೇಲಿಂದ ಕುದಿಯುತ್ತಿರುತ್ತದೆ. ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಸಂಸ್ಥೆ ಗಂಡಸರಿಗೆ ಕೊಟ್ಟಿರುವ ಸೂಚನೆ ಹೀಗಿದೆ: ಸೊಂಟದ ಮಟ್ಟದಲ್ಲಿ, ಮೈಗೆ ಒತ್ತಿ ಹಿಡಿದರೆ 25 ಕಿಲೋ. ಅದೇ ಭಾರ ನೆಲದ ಹತ್ತಿರ ಇದ್ದರೆ 10 ಕಿಲೋ, ಕೈ ಚಾಚಿ ಎತ್ತುವುದಾದರೆ ಬರೇ 5. ಇದು ಕಾನೂನಿನ ಮಿತಿಯಲ್ಲ, ಇದನ್ನು ದಾಟಿದರೆ ಯೋಚನೆ ಮಾಡಿ ಎಂಬ ಎಚ್ಚರಿಕೆ ಮಾತ್ರ. ಆದರೂ ಗಮನಿಸಿ, ಮನುಷ್ಯ ಅವನೇ, ಭಾರ ಇಟ್ಟ ಜಾಗ ಮಾತ್ರ ಬೇರೆ. ಆ ಜಾಗವನ್ನು ನಿರ್ಧರಿಸುವವರು ಮಾಲಕರಾದ ನಾವು.

ಆದ್ದರಿಂದ "ಜಾಗ್ರತೆಯಲ್ಲಿ ಎತ್ತು ಮಾರಾಯ" ಎಂದು ಹೇಳಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಎತ್ತುವ ಪಾಠ ಒಂದರಿಂದಲೇ ಸೊಂಟನೋವು ಕಡಿಮೆಯಾಗುವುದಿಲ್ಲ ಎಂದು ಈ ಬಗ್ಗೆ ನಡೆದ ಅಧ್ಯಯನಗಳೂ ಹೇಳುತ್ತವೆ. ಅಕ್ಕಿ, ಉದ್ದು, ಸಕ್ಕರೆ ನೆಲದಲ್ಲಿ ಬೇಡ. ಒಂದೂವರೆ ಅಡಿ ಎತ್ತರಕ್ಕೆ ಕಡಪಾ ಕಲ್ಲಿನ ಕಟ್ಟೆ ಹಾಕಿಸಿ, ಇಲಿ ಮತ್ತು ತೇವದ ಕಾಟವೂ ಕಡಿಮೆಯಾಗುತ್ತದೆ. ಅಕ್ಕಿಯನ್ನು 25 ಕಿಲೋ ಚೀಲದಲ್ಲೇ ತರಿಸಿ. ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಜಾಗ ಇಲ್ಲವೆಂದು ಸಿಕ್ಕಿದ್ದನ್ನೆಲ್ಲ ಮಾಳಕ್ಕೆ ಏರಿಸುವ ರೂಢಿ ಇದೆ. ಅಲ್ಲಿ ಪಾರ್ಸೆಲ್ ಡಬ್ಬಿ, ಪೇಪರ್ ನ್ಯಾಪ್ಕಿನ್ ಇರಲಿ. ಎಣ್ಣೆ ಡಬ್ಬ ಹೊತ್ತು ಕಬ್ಬಿಣದ ಏಣಿ ಇಳಿಯುವವನ ಒಂದು ಕೈ ಏಣಿಗೆ, ಇನ್ನೊಂದು ಡಬ್ಬಕ್ಕೆ. ಸೊಂಟ ಯಾರ ಪಾಲಿಗೆ?

ಸಿಲಿಂಡರಿಗೆ ಎರಡು ಚಕ್ರದ ಟ್ರಾಲಿ ತನ್ನಿ. ಅಡಿಬಳೆಯ ಮೇಲೆ ಓರೆಮಾಡಿ ತಿರುಗಿಸುತ್ತಾ ತರುವಾಗ ಕಾಲ್ಬೆರಳು ಜಜ್ಜಿಸಿಕೊಂಡವರು ನಮ್ಮ ಪೈಕಿ ಬೇಕಾದಷ್ಟಿದ್ದಾರೆ. ಅಡ್ಡ ಕೆಡವಿ ಉರುಳಿಸುವುದಂತೂ ಬೇಡವೇ ಬೇಡ. ಪೈಪ್ ಗ್ಯಾಸ್ ಬಂದ ಹೋಟೆಲುಗಳಿಗೆ ಈ ಕಾಟ ತಪ್ಪಿದೆ.

ತುಂಬಿದ ಸಾಂಬಾರ್ ತಪ್ಪಲೆಯನ್ನು ಒಲೆಯಿಂದ ಇಳಿಸುವ ಪೌರುಷ ಯಾರಿಗೂ ಬೇಡ. ಒಲೆಯ ಮೇಲಿದ್ದಂತೆಯೇ ಸಣ್ಣ ಪಾತ್ರೆಗಳಿಗೆ ತೋಡಿ, ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಇಬ್ಬರು ಸೇರಿ ಇಳಿಸಲಿ. ಇಬ್ಬರಲ್ಲಿ ಒಬ್ಬನೇ "ಒಂದು, ಎರಡು, ಮೂರು" ಹೇಳಬೇಕು. ಗ್ರೈಂಡರಿನ ಹಿಟ್ಟಿಗೂ ಇದೇ ಕ್ರಮ. ಬಗ್ಗಿಸುವ ಗ್ರೈಂಡರ್ ಇದ್ದರೆ ಅರ್ಧ ಕಷ್ಟ ಅಲ್ಲಿಗೇ ಕಳೆಯಿತು. ಇಲ್ಲದಿದ್ದರೆ ಹಿಟ್ಟನ್ನು ಹತ್ತು ಲೀಟರಿನ ಪಾತ್ರೆಗಳಿಗೆ ತುಂಬಲಿ. ನಾಲ್ಕು ಸಲ ಓಡಾಡಬೇಕು ನಿಜ, ಹತ್ತು ನಿಮಿಷ ಹೆಚ್ಚು ಹೋಗಬಹುದು.

ಹಲವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ರಾತ್ರಿ ಮಲಗಿದಾಗ ಬೆನ್ನಿನ ಮಣಿಗಳ ನಡುವಿನ ಗಾದಿಯಂತಹ ಭಾಗ, ಡಾಕ್ಟರು ಡಿಸ್ಕ್ ಎನ್ನುವುದು, ನೀರು ಹೀರಿ ಉಬ್ಬಿರುತ್ತದೆ. ಎದ್ದ ಮೊದಲ ಗಂಟೆಯಲ್ಲಿ ಬಾಗಿದರೆ ಅದರ ಮೇಲೆ ಒತ್ತಡ ಹೆಚ್ಚು. ನಮ್ಮ ಹುಡುಗರು ಏಳುವುದು ನಾಲ್ಕೂವರೆಗೆ, ಎದ್ದವರೇ ಮಾಡುವ ಮೊದಲ ಕೆಲಸ ಹಿಟ್ಟಿನ ಪಾತ್ರೆ ಎತ್ತುವುದು! ಬೆಳಿಗ್ಗೆಗೆ ಬೇಕಾದ್ದನ್ನು ರಾತ್ರಿಯೇ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡಿಸಿ. ಗೋಣಿ ಸಾಗಿಸುವ ಕೆಲಸ ಮಧ್ಯಾಹ್ನ ಮೂರರ ಮೇಲೆ ಇರಲಿ, ಆಗ ಗಿರಾಕಿಯೂ ಕಡಿಮೆ.

ಎತ್ತಲೇಬೇಕಾದಾಗ ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಭಾರವನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸಬೇಕು. ಮೋರಿಯ ಹತ್ತಿರದ ನೀರು, ಒಲೆಯ ಮುಂದಿನ ಎಣ್ಣೆ ಆಗಾಗ ಒರೆಸಿರಬೇಕು, ಜಾರುವ ನೆಲದಲ್ಲಿ ಯಾವ ವಿದ್ಯೆಯೂ ಉಪಯೋಗಕ್ಕೆ ಬಾರದು.

ಇಷ್ಟಾದರೂ ಸೊಂಟ ಹಿಡಿದರೆ ಬೈಯಬೇಡಿ. ಬೈದರೆ ಮುಂದಿನವನು ಮುಚ್ಚಿಡುತ್ತಾನೆ. ಸಾಮಾನ್ಯ ನೋವಿಗೆ ವಾರಗಟ್ಟಲೆ ಮಲಗಿಸುವುದಕ್ಕಿಂತ ತರಕಾರಿ ಹೆಚ್ಚುವ, ಕೂಪನ್ ಕೊಡುವಂತಹ ಹಗುರ ಕೆಲಸ ಕೊಟ್ಟು ಓಡಾಡಿಸುವುದು ಒಳ್ಳೆಯದು. ಆದರೆ ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ನಾಟಿ ಎಣ್ಣೆ ತಿಕ್ಕುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ಆಗಲೇ ದೊಡ್ಡ ಆಸ್ಪತ್ರೆಗೆ ಸೇರಿಸಿ. ಜೊತೆಗೆ ಅವನ ಇ.ಎಸ್.ಐ. ಕಾರ್ಡ್ ಕಳಿಸಲು ಮರೆಯಬೇಡಿ.