ಜೀರೋ ಬಲ್ಬಿನ ಲೆಕ್ಕ

ತಿಪಟೂರಿನ ಚಿಕ್ಕಮ್ಮನ ಮನೆಯ ದೇವರ ಕೋಣೆಯಲ್ಲಿ ಒಂದು ಕೆಂಪು ಜೀರೋ ಬಲ್ಬ್ ಹಗಲೂ ರಾತ್ರಿ ಉರಿಯುತ್ತಿತ್ತು. ಆರಿಸಲು ಹೋದರೆ, ‘ಜೀರೋ ಅಂತ್ಲೇ ಹೆಸ್ರು, ಅದೇನು ಕರೆಂಟ್ ತಿನ್ನುತ್ತೆ ಬಿಡೋ’ ಎನ್ನುತ್ತಿದ್ದರು. ಕಳೆದ ದೀಪಾವಳಿಗೆ ಹೋದಾಗ ಬಲ್ಬ್ ಬಿಚ್ಚಿ, ಕನ್ನಡಕ ಏರಿಸಿ ನೋಡಿದೆ. ಸಣ್ಣಕ್ಷರದಲ್ಲಿ 15 ವ್ಯಾಟ್ ಎಂದಿತ್ತು. ದಿನಕ್ಕೆ 24 ಗಂಟೆಯಂತೆ 30 ದಿನಕ್ಕೆ ಸುಮಾರು 11 ಯೂನಿಟ್. ಅದೇ ಮನೆಯ ಹಾಲಿನಲ್ಲಿ ಸಂಜೆ ಐದು ಗಂಟೆ ಉರಿಯುವ 20 ವ್ಯಾಟಿನ ಎಲ್‌ಇಡಿ ಟ್ಯೂಬ್‌ಲೈಟ್ ತಿಂಗಳಿಡೀ ತಿನ್ನುವುದು 3 ಯೂನಿಟ್!

ಹಳೆಯ ಚಕ್ರದ ಮೀಟರುಗಳು ಇಷ್ಟು ಸಣ್ಣ ಲೋಡಿಗೆ ಸರಿಯಾಗಿ ತಿರುಗುತ್ತಿರಲಿಲ್ಲ, ಅದಕ್ಕೇ ಜೀರೋ ಎಂಬ ಹೆಸರು ಬಂತು ಎನ್ನುತ್ತಾರೆ ವೈರ್‌ಮ್ಯಾನ್‌ಗಳು. ಈಗಿನ ಡಿಜಿಟಲ್ ಮೀಟರಿಗೆ ಆ ದಾಕ್ಷಿಣ್ಯವಿಲ್ಲ. ಅರ್ಧ ವ್ಯಾಟಿನ ಕೆಂಪು ಎಲ್‌ಇಡಿ ಹಾಕಿಕೊಟ್ಟು ಬಂದೆ. ದೇವರು ಮೊದಲಿನಷ್ಟೇ ಕಾಣುತ್ತಾನೆ, ತಿಂಗಳ ಖರ್ಚು ಅರ್ಧ ಯೂನಿಟ್ಟೂ ದಾಟುವುದಿಲ್ಲ.

ಮೊದಲು ಪಟ್ಟಿ, ಆಮೇಲೆ ಅಂಗಡಿ

2015ರ ಕೊನೆಗೆ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಬಂದು 9 ವ್ಯಾಟಿನ ಬಲ್ಬ್ ಅಗ್ಗಕ್ಕೆ ಸಿಕ್ಕಿದ ಮೇಲೆ, ಬುರುಡೆ ಬಲ್ಬುಗಳು ಎಷ್ಟೋ ಮನೆಗಳ ನಡುಮನೆಯಿಂದ ಹೋದವು. ಉಳಿದಿರುವುದು ಕಣ್ಣಿಗೆ ಬೀಳದ ಜಾಗಗಳಲ್ಲಿ: ಬಚ್ಚಲು, ಕೊಟ್ಟಿಗೆ, ಮೆಟ್ಟಿಲ ಕೆಳಗೆ, ಗೇಟಿನ ಕಂಬದಲ್ಲಿ. ಒಂದು ಸಂಜೆ ಏಳು ಗಂಟೆಗೆ ಪೆನ್ನು, ಹಾಳೆ ಹಿಡಿದು ಮನೆ ಸುತ್ತಿ. ಒಂದೊಂದು ದೀಪದ ಮುಂದೆಯೂ ಅದರ ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ ಎಂದು ಬರೆಯಿರಿ. ಎರಡನ್ನೂ ಗುಣಿಸಿ, 30ರಿಂದ ಗುಣಿಸಿ, 1000ದಿಂದ ಭಾಗಿಸಿದರೆ ತಿಂಗಳ ಯೂನಿಟ್ ಸಿಗುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿಗೆ 36 ಅಥವಾ 40 ಎಂದು ಬರೆದು ಮೋಸ ಹೋಗಬೇಡಿ. ಆ ಭಾರದ ಚೋಕ್ ತಾನೂ ಹತ್ತು ಹನ್ನೆರಡು ವ್ಯಾಟ್ ನುಂಗುತ್ತದೆ, 50 ಎಂದೇ ಹಿಡಿಯಿರಿ.

ಎಲ್ಲವನ್ನೂ ಒಂದೇ ಸಲ ಬದಲಿಸುವ ಹುಮ್ಮಸ್ಸು ಬೇಡ. ದಿನಕ್ಕೆ ಎರಡು ನಿಮಿಷ ಉರಿಯುವ ಅಟ್ಟದ ಬಲ್ಬ್ ಬುರುಡೆಯಾಗಿದ್ದರೂ ಇರಲಿ. ಪಟ್ಟಿಯಲ್ಲಿ ಹೆಚ್ಚು ಯೂನಿಟ್ ತಿನ್ನುವ ನಾಲ್ಕೈದನ್ನು ಬದಲಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

‘ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುತ್ತದಲ್ಲ, ಈ ತಾಪತ್ರಯ ಯಾಕೆ?’ ಎನ್ನುವವರಿದ್ದಾರೆ. ಆ ಉಚಿತ ವಿದ್ಯುತ್ ಯೋಜನೆಯಲ್ಲಿ ಪ್ರತಿ ಮನೆಗೂ ಅದರದೇ ಹಳೆಯ ಸರಾಸರಿಯ ಮೇಲೆ ಮಿತಿ ನಿಗದಿಯಾಗಿದೆ. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜು ಸೇರಿ ಗೆರೆಯ ಹತ್ತಿರ ಬಂದು ನಿಲ್ಲುವ ಮನೆಗೆ ಒಂದು ಜೀರೋ ಬಲ್ಬೂ ಭಾರವೇ.

ವ್ಯಾಟ್ ಕೇಳುವ ಅಭ್ಯಾಸ ಬಿಡಿ

ವ್ಯಾಟ್ ಎನ್ನುವುದು ಬಲ್ಬ್ ತಿನ್ನುವ ಕರೆಂಟಿನ ಲೆಕ್ಕ. ಅದು ಕೊಡುವ ಬೆಳಕಿನ ಲೆಕ್ಕ ಲ್ಯೂಮೆನ್. ನಮ್ಮ ಹಳೆಯ 60 ವ್ಯಾಟಿನ ಬುರುಡೆ ಕೊಡುತ್ತಿದ್ದದ್ದು 700 ಲ್ಯೂಮೆನ್ ಆಸುಪಾಸು. ಅಷ್ಟನ್ನು ಇಂದು 7 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಹತ್ತಕ್ಕೆ ಹತ್ತಡಿಯ ಕೋಣೆಗೆ 2000 ಲ್ಯೂಮೆನ್ ಕೊಡುವ 20 ವ್ಯಾಟಿನ ಎಲ್‌ಇಡಿ ಟ್ಯೂಬ್‌ಲೈಟ್ ಧಾರಾಳ. ಒಂದೇ ವ್ಯಾಟಿನ ಎರಡು ಡಬ್ಬಿ ಎದುರಿಗಿದ್ದರೆ ಹೆಚ್ಚು ಲ್ಯೂಮೆನ್ ಇರುವುದನ್ನು ಎತ್ತಿಕೊಳ್ಳಿ.

ಎಷ್ಟು ಬೆಳಕು ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ಬೀಳುತ್ತದೆ ಎನ್ನುವುದು. ಬಹಳಷ್ಟು ಅಡುಗೆಮನೆಗಳಲ್ಲಿ ದೀಪ ಬೆನ್ನ ಹಿಂದಿನ ಗೋಡೆಗಿರುತ್ತದೆ. ಕಟ್ಟೆಯ ಮುಂದೆ ನಿಂತು ಬೀನ್ಸ್ ಹೆಚ್ಚುವವರಿಗೆ ತಮ್ಮ ತಲೆಯ ನೆರಳೇ ಈಳಿಗೆಯ ಮೇಲೆ. ಕತ್ತಲೆಂದು ದೊಡ್ಡ ಬಲ್ಬ್ ಹಾಕಿದರೆ ನೆರಳು ಇನ್ನಷ್ಟು ಕಪ್ಪಾದೀತೇ ಹೊರತು ಕಾಯಿ ಕಾಣದು. ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ 5 ವ್ಯಾಟಿನ ಸಣ್ಣ ಎಲ್‌ಇಡಿ ಪಟ್ಟಿ ಅಂಟಿಸಿ ನೋಡಿ. ಓದುವ ಮಕ್ಕಳ ಮೇಜಿಗೂ ಇದೇ ಮಾತು.

ಬಣ್ಣದ ಮಾತು

ಡಬ್ಬಿಯ ಮೇಲೆ 2700, 3000, 4000, 6500 ಎಂದು ಒಂದು ಸಂಖ್ಯೆ, ಮುಂದೆ ‘ಕೆ’ ಎಂಬ ಅಕ್ಷರ ಇರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹಳದಿ, ದೊಡ್ಡದಾದಷ್ಟೂ ನೀಲಿ ಬೆರೆತ ಬಿಳಿ. ನಮ್ಮವರಿಗೆ 6500ರ ಮೇಲೆ ಅದೇನು ಮೋಹವೋ, ಮಲಗುವ ಕೋಣೆಯನ್ನೂ ಬಸ್ ಸ್ಟ್ಯಾಂಡ್ ಮಾಡಿಟ್ಟಿರುತ್ತಾರೆ. ಮಲಗುವಲ್ಲಿ, ದೇವರ ಮುಂದೆ 2700 ಅಥವಾ 3000, ಅಡುಗೆಮನೆಗೆ, ಓದುವಲ್ಲಿಗೆ 4000 ಸಾಕು. ಜಗಲಿಗೂ ಹಳದಿಯೇ ಲೇಸು. ಮೊದಲ ಮಳೆ ಬಿದ್ದ ರಾತ್ರಿ ರೆಕ್ಕೆಹುಳುಗಳು ನೀಲಿ ಬಿಳುಪಿಗೆ ಮುತ್ತುವಷ್ಟು ಹಳದಿ ಬೆಳಕಿಗೆ ಮುತ್ತುವುದಿಲ್ಲ.

ಬಟ್ಟೆ ಅಂಗಡಿಯವರಿಗೆ ಇನ್ನೊಂದು ಸಂಖ್ಯೆ ಮುಖ್ಯ: ಸಿಆರ್‌ಐ. ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದಕ್ಕೆ 100ರ ಅಳತೆ ಇದು. ಸೀರೆ ಆರಿಸಿದ ನಮ್ಮಮ್ಮ ಅದನ್ನು ಹಿಡಿದು ಅಂಗಡಿ ಬಾಗಿಲಿಗೆ ಬಂದೇ ಬರುತ್ತಿದ್ದರು. ಒಳಗೆ ನವಿಲು ಬಣ್ಣ ಅನ್ನಿಸಿದ್ದು ಬಿಸಿಲಿಗೆ ಹಿಡಿದರೆ ಗಿಳಿಹಸಿರು! ಮನೆಗೆ 80 ಸಾಕು. ಬಟ್ಟೆ, ಹೂವು, ಹಣ್ಣು ಮಾರುವವರು, ದಾರ ಹೊಂದಿಸುವ ಟೈಲರುಗಳು 90 ದಾಟಿದ್ದನ್ನೇ ಕೇಳಿ ತರಬೇಕು. ಬೆಲೆ ತುಸು ಹೆಚ್ಚು. ಗಿರಾಕಿ ಸೀರೆ ವಾಪಸ್ ತರುವ ಜಗಳ ಕಡಿಮೆ.

ಅಂಗಡಿಗೆ ಗೃಹಜ್ಯೋತಿಯೂ ಇಲ್ಲ, ದೀಪ ಉರಿಯುವ ಗಂಟೆಯೂ ಜಾಸ್ತಿ. ಚೋಕಿನ ನಾಲ್ಕು ಟ್ಯೂಬ್‌ಲೈಟ್ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 72 ಯೂನಿಟ್. 20 ವ್ಯಾಟಿನ ಎಲ್‌ಇಡಿಗೆ ಬದಲಿಸಿದರೆ 29 ಯೂನಿಟ್. ಬೋರ್ಡಿನ ದೀಪಕ್ಕೆ ಟೈಮರ್, ಗೋದಾಮಿಗೆ ಆಳು ಬಂದಾಗ ಮಾತ್ರ ಹೊತ್ತುವ ಸೆನ್ಸರ್ ಹಾಕಿಸಿಕೊಳ್ಳಿ.

ಡಬ್ಬಿ ತಿರುಗಿಸಿ ನೋಡಿ

ಬಿಇಇ ನಕ್ಷತ್ರದ ಲೇಬಲ್ ಇದೆಯೇ, ಒಂದು ವ್ಯಾಟಿಗೆ ಎಷ್ಟು ಲ್ಯೂಮೆನ್ ಎಂದು ಬರೆದಿದೆಯೇ, ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಸಂತೆಯಲ್ಲಿ ರಾಶಿ ಹಾಕಿ ಮಾರುವ ಬಲ್ಬುಗಳಲ್ಲಿ ಇದ್ಯಾವುದೂ ಇಲ್ಲದಿದ್ದರೆ ಮುಟ್ಟಬೇಡಿ. ಹಳ್ಳಿಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ನಿಂತಾಗ ಏರುತ್ತದೆ. ಅಂಥಲ್ಲಿ 140ರಿಂದ 270 ವೋಲ್ಟ್‌ವರೆಗೆ ತಾಳುವ, 4 ಕಿಲೋವೋಲ್ಟ್ ಸರ್ಜ್ ತಡೆಯುವ ಬಲ್ಬಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಬಹುದು. ಮಳೆ ತಾಗುವ ಜಾಗಕ್ಕೆ ‘ಐಪಿ 65’ ಇರಲಿ. ಮನೆಗೆ ತಂದ ಕೂಡಲೇ ಮಾರ್ಕರಿನಲ್ಲಿ ಬಲ್ಬಿನ ಬುಡದ ಮೇಲೆ ತಾರೀಖು ಬರೆದು, ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ವರ್ಷದ ವಾರಂಟಿ ಇದ್ದೂ, ಬಿಲ್ ಹುಡುಕಲಾರದೆ ಎಷ್ಟು ಬಲ್ಬ್ ಕಸಕ್ಕೆ ಹಾಕಿದ್ದೇನೋ ನನಗೇ ಲೆಕ್ಕವಿಲ್ಲ.

ಹಾಕಿದ ಮೇಲೂ ಕೆಲವು ಕಿರಿಕಿರಿ ಇವೆ. ಗಾಳಿಯಾಡದ ಗಾಜಿನ ಗುಮ್ಮಟದೊಳಗೆ ಹಾಕಿದ ಎಲ್‌ಇಡಿ ಬೇಗ ಸಾಯುತ್ತದೆ. ಬಿಸಿಗೆ ಮೊದಲು ಕೆಡುವುದು ಅದರ ಬುಡದಲ್ಲಿರುವ ಡ್ರೈವರ್ ಎಂಬ ಸರ್ಕ್ಯೂಟ್. ಹಳೆಯ ಟ್ಯೂಬ್‌ಲೈಟಿನ ಪಟ್ಟಿಗೇ ಎಲ್‌ಇಡಿ ಕೊಳವೆ ಹಾಕುವುದಾದರೆ ಚೋಕ್, ಸ್ಟಾರ್ಟರ್ ತೆಗೆಯಬೇಕೇ ಎಂದು ಡಬ್ಬಿಯ ಮೇಲಿನ ಚಿತ್ರ ನೋಡಿ ವೈರ್‌ಮ್ಯಾನ್ ಕೈಲೇ ಮಾಡಿಸಿ. ಸ್ವಿಚ್ ಆರಿಸಿದ ಮೇಲೂ ಬಲ್ಬ್ ಮಿಣಮಿಣ ಎನ್ನುತ್ತಿದೆಯೇ? ದೆವ್ವವಲ್ಲ. ಸ್ವಿಚ್ಚಿನೊಳಗೆ ಇಂಡಿಕೇಟರ್ ಇರಬಹುದು, ಅಥವಾ ಫೇಸ್ ಬದಲು ನ್ಯೂಟ್ರಲ್ ತಂತಿಗೆ ಸ್ವಿಚ್ ಹಾಕಿರಬಹುದು. ಎರಡನೆಯದಾದರೆ ಹೋಲ್ಡರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ತಡಮಾಡದೆ ಸರಿಪಡಿಸಿಕೊಳ್ಳಿ.

ಹೆಂಚಿನ ಮನೆಯವರು ಹಗಲು ಹೊತ್ತು ದೀಪ ಹಾಕುವ ಕೋಣೆಯ ಮೇಲೆ ಎರಡು ಗಾಜಿನ ಹೆಂಚು ಕೂರಿಸಿ ನೋಡಿ, ಯಾವ ಎಲ್‌ಇಡಿಯೂ ಅದಕ್ಕೆ ಸಾಟಿಯಲ್ಲ.

ಕೊನೆಗೆ, ಬಿಚ್ಚಿದ ಹಳೆಯ ಸಿಎಫ್‌ಎಲ್, ಟ್ಯೂಬುಗಳನ್ನು ತಿಪ್ಪೆಗೆ ಎಸೆಯಬೇಡಿ. ಒಳಗೆ ಚೂರು ಪಾದರಸ ಇರುತ್ತದೆ. ಡಬ್ಬಿಗೆ ಹಾಕಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕೈಜಾರಿ ಒಡೆದರೆ ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಹೊರಗಿರಿ. ಆಮೇಲೆ ಪೊರಕೆ ಹಿಡಿಯದೆ, ದಪ್ಪ ರಟ್ಟಿನಿಂದ ಚೂರು ಬಾಚಿ, ಒದ್ದೆ ಕಾಗದದಿಂದ ನೆಲ ಒರೆಸಿ, ಎರಡನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ.