ಕಸದ ಕಾರ್ಖಾನೆಗೆ ಟೆಂಡರು ಕರೆಯುವುದು

ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಜಗಲಿಗೆ ಕರೆದು, ಅಳತೆ ತೋರಿಸಿ, ದರ ಗೊತ್ತುಮಾಡಿ, ಒಂದಷ್ಟು ಮುಂಗಡ ಕೊಟ್ಟು ಕೆಲಸ ಹಿಡಿಸಬಹುದು. ನಡುವೆ ಇನ್ನೊಂದು ಕಿಟಕಿ ಬೇಕೆನಿಸಿದರೆ ಅದೂ ಮಾತಿನಲ್ಲಿಯೇ ಮುಗಿಯುತ್ತದೆ. ನಗರಸಭೆಗೆ ಈ ಸೌಲಭ್ಯವಿಲ್ಲ. ಅದು ವೆಚ್ಚ ಮಾಡುವುದು ಊರವರ ಹಣ. ಆದಕಾರಣ ತನಗೆ ಬೇಕಾದುದೇನೆಂಬುದನ್ನು ಮೊದಲೇ ಬರೆದು ಪ್ರಕಟಿಸಿ, ಅರ್ಹರಾದ ಎಲ್ಲರಿಂದಲೂ ಬೆಲೆಯನ್ನು ಗುಟ್ಟಾಗಿ ಪಡೆದು, ಗೊತ್ತಾದ ದಿನ ಗೊತ್ತಾದ ಹೊತ್ತಿಗೆ ಅವನ್ನು ತೆರೆದು ನೋಡಬೇಕು. ಇದೇ ಟೆಂಡರು. ಕರ್ನಾಟಕದಲ್ಲಿ ಈ ಕ್ರಮಕ್ಕೆ ಆಧಾರವಾಗಿರುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ. ಹಿಂದೆ ಅರಗಿನ ಮೊಹರು ಮಾಡಿದ ಲಕೋಟೆಗಳು ಬರುತ್ತಿದ್ದವು. ಈಗ ಆ ಲಕೋಟೆಗಳ ಜಾಗವನ್ನು ಕಂಪ್ಯೂಟರು ಜಾಲ ಹಿಡಿದಿದೆ.

ಇದೆಲ್ಲ ಕಚೇರಿಯ ಗುಮಾಸ್ತರ ಕೆಲಸ, ವಿಜ್ಞಾನಕ್ಕೂ ಇದಕ್ಕೂ ಏನು ನಂಟು ಎಂದು ವಿದ್ಯಾರ್ಥಿಗಳು ಕೇಳಬಹುದು. ದೆಹಲಿಯ ತಿಮಾರ್‌ಪುರದಲ್ಲಿ ನಡೆದುದನ್ನು ನೋಡೋಣ. 1987ರಲ್ಲಿ ಅಲ್ಲಿ ದಿನಕ್ಕೆ 300 ಟನ್ನು ಕಸವನ್ನು ಸುಟ್ಟು 3.75 ಮೆಗಾವ್ಯಾಟ್ ವಿದ್ಯುತ್ತನ್ನು ಪಡೆಯುವ ಸ್ಥಾವರವೊಂದನ್ನು ಡೆನ್ಮಾರ್ಕಿನ ತಂತ್ರಜ್ಞಾನದಿಂದ ಕಟ್ಟಲಾಯಿತು. ಅದರ ಕುಲುಮೆಗೆ ಕಿಲೋಗ್ರಾಮಿಗೆ ಸುಮಾರು 1460 ಕಿಲೋಕ್ಯಾಲೊರಿ ಶಾಖ ಕೊಡುವ ಕಸ ಬೇಕಾಗಿತ್ತು. ದೆಹಲಿಯ ಕಸದಲ್ಲಿ ದೊರೆತುದು 600-700 ಮಾತ್ರ. ಹಸಿ ಸೌದೆಯಿಂದ ಒಲೆ ಹೊತ್ತಿಸಿದಂತಾಯಿತು! ಸುಮಾರು 21 ದಿನಗಳ ಪರೀಕ್ಷೆಯ ಚಾಲನೆಯ ಬಳಿಕ ಸ್ಥಾವರ ನಿಂತಿತು. ನಮ್ಮ ನಗರಗಳ ಕಸದಲ್ಲಿ ಮಣ್ಣು ಹೆಚ್ಚು, ತೇವ ಹೆಚ್ಚು. ಚೆನ್ನಾಗಿ ಉರಿಯುವ ಕಾಗದ, ಪ್ಲಾಸ್ಟಿಕ್ಕುಗಳನ್ನು ಆಯುವವರು ಮೊದಲೇ ಆಯ್ದುಕೊಂಡಿರುತ್ತಾರೆ. ಕಸ ಎಂಥದು ಎಂಬ ಪ್ರಶ್ನೆಗೆ ಸರಿಯುತ್ತರವಿಲ್ಲದೆ ಯಂತ್ರವನ್ನು ಆರಿಸಿದರೆ ಆಗುವುದು ಇದು.

ಕಸವನ್ನು ಸುಡದೆ, ಬೇರ್ಪಡಿಸಿ ಮರುಬಳಕೆಗೆ ಕಳುಹಿಸುವ ಸ್ಥಾವರಕ್ಕೂ ಈ ಮಾತು ಸಲ್ಲುತ್ತದೆ. ಅಲ್ಲಿ ಒಣಕಸವು ತೂತುಗಳುಳ್ಳ ತಿರುಗುವ ಪೀಪಾಯಿಯಲ್ಲಿ ಜರಡಿಯಾಗಿ, ಚಲಿಸುವ ಪಟ್ಟಿಯ ಮೇಲೆ ಸಾಗುತ್ತದೆ. ಕಬ್ಬಿಣವನ್ನು ಅಯಸ್ಕಾಂತವು ಎಳೆದುಕೊಳ್ಳುತ್ತದೆ, ಉಳಿದುದನ್ನು ಕೆಲಸಗಾರರು ಕೈಯಿಂದ ಬಿಡಿಸುತ್ತಾರೆ, ಕೊನೆಗೆ ಒತ್ತುಯಂತ್ರವು ಪ್ರತಿಯೊಂದು ಬಗೆಯನ್ನೂ ಅದುಮಿ ಮೂಟೆ ಕಟ್ಟುತ್ತದೆ. ಪ್ರತಿ ಯಂತ್ರದ ಗಾತ್ರವೂ ಬರುವ ಕಸದ ಸ್ವರೂಪವನ್ನು ಅವಲಂಬಿಸಿದೆ. ಆದ್ದರಿಂದ ಟೆಂಡರಿನ ಮೊದಲ ಪುಟ ಬರೆಯುವ ಮುನ್ನ ಎಂಜಿನಿಯರು ಕಸದ ರಾಶಿಯ ಬಳಿಗೆ ಹೋಗಬೇಕು.

ಅಲ್ಲಿ ಅವರು ಮಾಡುವುದೇನು? ಅಕ್ಕಿಯ ಮೂಟೆಗೆ ಕೊಳವೆ ಚುಚ್ಚಿ ಮಾದರಿ ತೆಗೆದ ಹಾಗೆ ಕಸಕ್ಕೆ ಚುಚ್ಚಲು ಬರುವುದಿಲ್ಲ, ಒಂದೆಡೆ ಬಾಟಲಿ, ಇನ್ನೊಂದೆಡೆ ಚಿಂದಿ. ಲಾರಿಯ ಕಸವನ್ನೆಲ್ಲ ಕಲಸಿ, ಕಣದ ರಾಶಿಯಂತೆ ಗೋಪುರವಾಗಿ ಒಟ್ಟಿ, ಮೇಲ್ಭಾಗವನ್ನು ಚಪ್ಪಟೆ ಮಾಡಿ, ನಾಲ್ಕು ಪಾಲಾಗಿ ಸೀಳುತ್ತಾರೆ. ಎದುರುಬದುರಾದ ಎರಡು ಪಾಲುಗಳನ್ನು ತೆಗೆದುಹಾಕಿ, ಉಳಿದೆರಡನ್ನು ಮತ್ತೆ ಕಲಸಿ, ಮತ್ತೆ ನಾಲ್ಕಾಗಿ ಸೀಳುತ್ತಾರೆ. ಹೀಗೆ ಮಾಡುತ್ತ ಹೋದರೆ ಕೈಯಿಂದ ಬಿಡಿಸಿ ತೂಗಬಹುದಾದಷ್ಟು ಸಣ್ಣದಾದ, ಆದರೂ ಇಡೀ ಲಾರಿಯನ್ನು ಪ್ರತಿನಿಧಿಸುವ ಮಾದರಿ ಉಳಿಯುತ್ತದೆ. ಇದನ್ನು ಹಲವು ಬಡಾವಣೆಗಳ ಲಾರಿಗಳಲ್ಲಿ, ಬೇಸಗೆ ಮಳೆಗಾಲಗಳೆರಡರಲ್ಲಿಯೂ ಮಾಡಬೇಕು. ಬೇಸಾಯದ ಮನೆಯಲ್ಲಿ ಬೆಳೆದವರಿಗೆ ಈ ಉಪಾಯ ಹೊಸದೆನಿಸದು.

ತೂಕವನ್ನಷ್ಟೇ ಬರೆದರೆ ಸಾಲದು. ದಿನಕ್ಕೆ 20 ಟನ್ನು ಒಣಕಸ ಬರುತ್ತದೆಂದು ಭಾವಿಸಿ. ಬಿಡಿಯಾಗಿರುವ ಬಾಟಲಿ, ಚೀಲ, ರಟ್ಟುಗಳ ಸಾಂದ್ರತೆ ಘನಮೀಟರಿಗೆ 50 ಕಿಲೋಗ್ರಾಂ ಎಂದಿಟ್ಟುಕೊಂಡರೆ ರಾಶಿಯ ಗಾತ್ರ 400 ಘನಮೀಟರು. ಎರಡು ಮೀಟರು ಎತ್ತರಕ್ಕೆ ಹರಡಿದರೆ 200 ಚದರಮೀಟರು ನೆಲ ಬೇಕು, ಲಾರಿ ತಿರುಗುವ ಜಾಗ ಬೇರೆ. ಮೂರು ದಿನ ಯಂತ್ರ ಕೆಟ್ಟು ಕುಳಿತರೆ 600. ಘನಮೀಟರಿಗೆ 300 ಕಿಲೋಗ್ರಾಂ ಆಗುವಂತೆ ಅದುಮಿದ ಮೂಟೆಗಳಿಗಾದರೋ ದಿನಕ್ಕೆ 67 ಘನಮೀಟರು ಸಾಕು. ‘20 ಟನ್ನಿನ ಸ್ಥಾವರ’ ಎಂದಷ್ಟೇ ಪ್ರಕಟಣೆಯಲ್ಲಿದ್ದರೆ ಒಬ್ಬ ಗುತ್ತಿಗೆದಾರ ದೊಡ್ಡ ಕೊಟ್ಟಿಗೆಗೆ ಬೆಲೆ ಬರೆಯುತ್ತಾನೆ, ಇನ್ನೊಬ್ಬ ಚಿಕ್ಕದಕ್ಕೆ. ಇಬ್ಬರೂ ತಪ್ಪು ಮಾಡಿಲ್ಲ. ಗೆಲ್ಲುವುದು ಮಾತ್ರ ಚಿಕ್ಕ ಕೊಟ್ಟಿಗೆ. ಕಸ ಹೊರಗೆ ಮಳೆಯಲ್ಲಿ ನೆನೆಯುತ್ತದೆ, ನೆಂದ ರಟ್ಟಿಗೆ ಕೊಳ್ಳುವವರಿಲ್ಲ.

ಬಂದ ಟೆಂಡರುಗಳನ್ನು ಎರಡು ಲಕೋಟೆಗಳ ಕ್ರಮದಲ್ಲಿ ಪರಿಶೀಲಿಸುವುದುಂಟು. ಮೊದಲನೆಯದರಲ್ಲಿ ಅನುಭವದ ದಾಖಲೆ, ಇ.ಎಂ.ಡಿ. ಎಂದು ಕರೆಯುವ ಠೇವಣಿಯ ವಿವರ, ಯಂತ್ರಗಳ ನಕ್ಷೆ ಇರುತ್ತವೆ, ಎರಡನೆಯದರಲ್ಲಿ ಬೆಲೆ. ಮೊದಲನೆಯದರಲ್ಲಿ ತೇರ್ಗಡೆಯಾಗದವರ ಎರಡನೆಯ ಲಕೋಟೆಯನ್ನು ತೆರೆಯುವಂತಿಲ್ಲ. ಅಗ್ಗದ ಅಂಕಿಯನ್ನು ಕಂಡಮೇಲೆ ನಕ್ಷೆಯ ದೋಷ ಕಣ್ಣಿಗೆ ಬೀಳುವುದು ಕಷ್ಟ, ಆದ್ದರಿಂದ ಈ ಏರ್ಪಾಡು.

ಇನ್ನು ಬೆಲೆಯ ಲೆಕ್ಕ. ‘ಅ’ ಎಂಬವನು 8 ಕೋಟಿ ರೂಪಾಯಿಗೆ ಕಟ್ಟಿಕೊಡುತ್ತಾನೆ. ಅವನ ಯಂತ್ರಗಳನ್ನು ನಡೆಸಲು ವರ್ಷಕ್ಕೆ 90 ಲಕ್ಷ. ‘ಆ’ ಎಂಬವನದು 9 ಕೋಟಿ, ವರ್ಷಕ್ಕೆ 70 ಲಕ್ಷ. ವರ್ಷಕ್ಕೆ ಉಳಿಯುವುದು 20 ಲಕ್ಷ. ಸ್ಥಾವರದ ಆಯುಸ್ಸು 15 ವರ್ಷ, ಬಡ್ಡಿ ಶೇಕಡ 8 ಎಂದಿಟ್ಟುಕೊಂಡರೆ, ಮುಂದೆ ಉಳಿಯುವ ಹಣಕ್ಕೆ ಇಂದಿನ ಬೆಲೆ 20 ಲಕ್ಷದ 8.56 ಪಟ್ಟು, ಎಂದರೆ ಸುಮಾರು 1 ಕೋಟಿ 71 ಲಕ್ಷ. ಮೊದಲು ಕೊಟ್ಟ ಹೆಚ್ಚಿನ ಒಂದು ಕೋಟಿಯನ್ನು ಕಳೆದರೂ ‘ಆ’ ಎಂಬವನಿಂದ 71 ಲಕ್ಷ ಲಾಭ. ಆದರೆ ಈ ಬಗೆಯಲ್ಲಿ ತೂಗುತ್ತೇವೆಂದು ಟೆಂಡರಿನಲ್ಲಿಯೇ ಬರೆದಿರಬೇಕು. ಬೆಲೆಯ ಲಕೋಟೆ ತೆರೆದ ಮೇಲೆ ತಕ್ಕಡಿಯನ್ನು ಬದಲಿಸುವುದು ನ್ಯಾಯವಲ್ಲ. ‘ಅ’ ಎಂಬವನು ಮೇಲ್ಮನವಿ ಹೂಡಿದರೆ ಅವನ ಪಕ್ಷವೇ ಸರಿ. ಯಂತ್ರ ನುಂಗುವ ವಿದ್ಯುತ್ತಿನ ಬಗ್ಗೆ ಗುತ್ತಿಗೆದಾರ ಬರೆದ ಅಂಕಿಗೆ ಅವನನ್ನೇ ಹೊಣೆ ಮಾಡುವ ಷರತ್ತೂ ಅದರಲ್ಲಿರಬೇಕು, ಇಲ್ಲವಾದರೆ ಎಲ್ಲರೂ ಕಡಮೆ ಅಂಕಿಯನ್ನೇ ಬರೆಯುವರು.

ಆ ಹೊಣೆಯನ್ನು ಪರೀಕ್ಷಿಸುವುದು ಒಪ್ಪಿಸಿಕೊಳ್ಳುವ ದಿನ. ಬಣ್ಣ ಬಳಿದ ಕಟ್ಟಡ, ಖಾಲಿ ತಿರುಗುವ ಪಟ್ಟಿ ಇವನ್ನು ನೋಡಿ ಸಹಿ ಹಾಕಬಾರದು. ಆ ಊರಿನದೇ ಕಸವನ್ನು ಸುರಿದು, ವಿದ್ಯುತ್ ಮೀಟರನ್ನು ಓದಿ, ಎಷ್ಟು ಟನ್ನು ಒಳಬಂತು, ಎಷ್ಟು ಮೂಟೆಯಾಯಿತು, ಎಷ್ಟು ವ್ಯರ್ಥವಾಗಿ ಉಳಿಯಿತು ಎಂದು ಹಲವು ದಿನ ತೂಗಿ ಬರೆಯಬೇಕು. ಗುತ್ತಿಗೆದಾರನ ಬಿಲ್ಲುಗಳಿಂದ ಹಿಡಿದಿಟ್ಟ ಹಣದ ಕೊನೆಯ ಕಂತನ್ನು ಸ್ಥಾವರವು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಕೊಡುವಂತೆ ಷರತ್ತು ಹಾಕುವುದು ಉತ್ತಮವೆಂದು ನಾವು ಭಾವಿಸುತ್ತೇವೆ. ಆಗ ಕೊಟ್ಟಿಗೆಯ ಮಾಡು ಎಲ್ಲಿ ಸೋರುತ್ತದೆಂಬುದೂ ಗೊತ್ತಾಗಿರುತ್ತದೆ.